ಎಡಗಾಲಿಗೂ ಪಾಠ ಹೇಳಿದ ರಹೀಮ್ ಮೇಷ್ಟ್ರು

ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ ಎಷ್ಟು ಸಲ ಚಿನ್ನ ಗೆದ್ದಿದೆ ಅಂತ ನಿಮ್ಮ ಹಾಸ್ಟೆಲಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಒಂದೂ ಇಲ್ಲ ಅನ್ನುವವರೇ ಜಾಸ್ತಿ. ಸರಿಯಾದ ಉತ್ತರ ಎರಡು. 1951ರಲ್ಲಿ ದೆಹಲಿಯಲ್ಲಿ ಒಂದು, 1962ರಲ್ಲಿ ಜಕಾರ್ತಾದಲ್ಲಿ ಇನ್ನೊಂದು. ಎರಡೂ ಸಲ ತಂಡದ ಕೋಚ್ ಒಬ್ಬರೇ: ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಕಸುಬಿನಿಂದ ಅವರು ಶಾಲೆಯ ಮೇಷ್ಟ್ರು. ಆಟಗಾರರ ಬಾಯಲ್ಲಿ ರಹೀಮ್ ಸಾಬ್.

2024ರಲ್ಲಿ ಮೈದಾನ್ ಅನ್ನೋ ಹಿಂದಿ ಸಿನಿಮಾ ಬಂದ ಮೇಲೆ ಇವರ ಹೆಸರು ನಮ್ಮ ತಲೆಮಾರಿಗೂ ಗೊತ್ತಾಯ್ತು. ಸಿನಿಮಾದಲ್ಲಿ ಎಲ್ಲರಿಗೂ ನೆನಪಿರೋದು ಕೊನೆಯ ಫೈನಲ್ ಮ್ಯಾಚು. ಆದರೆ ಆ ಫೈನಲ್ ಗೆದ್ದ ತಂಡ ಹೇಗೆ ತಯಾರಾಯ್ತು ಅಂತ ನೋಡಬೇಕಾದರೆ ಇನ್ನೂ ಹಿಂದಕ್ಕೆ, ಹೈದರಾಬಾದಿನ ಶಾಲೆಗಳ ಕಾಲಕ್ಕೆ ಹೋಗಬೇಕು.

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು. ಆಗ ಹೈದರಾಬಾದ್ ನಿಜಾಮರ ಸಂಸ್ಥಾನ. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಅದೇ ಸಂಸ್ಥಾನದಲ್ಲಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮುಗಿಸಿ ಕಾಚಿಗುಡ ಮಿಡ್ಲ್ ಸ್ಕೂಲ್, ದಾರುಲ್ ಉಲೂಮ್, ಚಾದರ್‌ಘಾಟ್ ಹೈಸ್ಕೂಲ್ ಮುಂತಾದ ಕಡೆ ಪಾಠ ಮಾಡಿದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಓದಿಕೊಂಡು ಬಂದು ಶಾಲೆಯ ಆಟೋಟಗಳನ್ನೂ ವಹಿಸಿಕೊಂಡರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದರು. ಸಾಯುವ ತನಕ ಆ ಕೆಲಸ ಬಿಡಲಿಲ್ಲ.

ಎಂಜಿನಿಯರಿಂಗ್ ಓದುವ ನಮಗೆ ರುಚಿಸುವ ವಿಷಯ ಶುರುವಾಗೋದು ಇಲ್ಲಿಂದಲೇ. ರಹೀಮ್ ಹುಡುಗರಿಗೆ ಭಾಷಣ ಬಿಗಿದು ತಿದ್ದಲು ಹೋಗಲಿಲ್ಲ, ಆಟದ ನಿಯಮವನ್ನೇ ಬದಲಾಯಿಸಿಬಿಟ್ಟರು. ಎಲ್ಲರೂ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುತ್ತಾರಾ? ಹಾಗಾದರೆ ಡ್ರಿಬ್ಲಿಂಗ್ ಮಾಡುವಂತೆಯೇ ಇಲ್ಲ ಅಂತ ಒಂದು ಟೂರ್ನಿ. ಚೆಂಡು ಬಂದ ಕೂಡಲೇ ಪಾಸ್ ಕೊಡಬೇಕು, ಅಷ್ಟೇ. ಬಲಗಾಲಲ್ಲೇ ಎಲ್ಲವನ್ನೂ ಒದೆಯುವ ಅಭ್ಯಾಸವಾ? ಹಾಗಾದರೆ ವಾಲಾಡದ ಕಾಲಿನಲ್ಲೇ ಆಡಬೇಕಾದ ಇನ್ನೊಂದು ಟೂರ್ನಿ. ದೊಡ್ಡ ಹುಡುಗರು ಸಣ್ಣವರನ್ನು ತಳ್ಳಿ ಆಡುತ್ತಾರಾ? ಎತ್ತರಕ್ಕೆ ಮಿತಿ ಹಾಕಿ ಎಳೆಯರಿಗೇ ಬೇರೆ ಟೂರ್ನಿ. ಒಂದು ಸಲಕ್ಕೆ ಒಂದೇ ಅಡೆತಡೆ, ಒಂದೇ ಕೌಶಲ. ನಮ್ಮ ಲ್ಯಾಬಿನಲ್ಲಿ ಉಳಿದದ್ದನ್ನೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುತ್ತೀವಲ್ಲ, ಹಾಗೆಯೇ.

ಇದರ ಫಲ ಬೇಗ ಕಾಣಿಸಿತು. 1950ರಿಂದ ಅವರ ಕೈಕೆಳಗೆ ಆಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಕಲ್ಕತ್ತಾದ ದೊಡ್ಡ ಕ್ಲಬ್‌ಗಳು ಮೆರೆಯುತ್ತಿದ್ದ ಕಾಲ ಅದು ಅನ್ನೋದನ್ನ ಮರೀಬೇಡಿ.

1951ರಲ್ಲಿ ಮೊದಲ ಏಷ್ಯನ್ ಗೇಮ್ಸ್ ದೆಹಲಿಯಲ್ಲಿ ನಡೆಯಿತು. ಶೈಲೇನ್ ಮನ್ನಾ ಕ್ಯಾಪ್ಟನ್. ಇಂಡೋನೇಷ್ಯಾ, ಅಫ್ಘಾನಿಸ್ತಾನ ಎರಡನ್ನೂ 3-0ಯಿಂದ ಸೋಲಿಸಿ, ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಮಣಿಸಿದರು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು.

ಮರುವರ್ಷವೇ ದೊಡ್ಡ ಪೆಟ್ಟು ಬಿತ್ತು. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು. ನಮ್ಮ ಹಲವರು ಆ ಚಳಿಯಲ್ಲಿ ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ಇದೇ ಅಹ್ಮದ್ ಖಾನ್. ಬೇರೆ ಯಾರಾದರೂ ಆಗಿದ್ದರೆ ಹವಾಮಾನವನ್ನು ಬೈದು ಸುಮ್ಮನಾಗುತ್ತಿದ್ದರೇನೋ. ರಹೀಮ್ ಆ ಸೋಲನ್ನು ಕುಳಿತು ಬಿಡಿಸಿದರು. ಬೂಟು ಕಡ್ಡಾಯವಾಯಿತು. ಇಬ್ಬರೇ ಬ್ಯಾಕ್‌ಗಳನ್ನಿಟ್ಟು ಆಡುವ ಹಳೆಯ ಪದ್ಧತಿ ಹೋಗಿ ಮೂವರು ಬಂದರು. ಮುಂದಿನ ಸಾಲಿನ ಒಬ್ಬನನ್ನು ಸ್ವಲ್ಪ ಹಿಂದಕ್ಕೆ ಎಳೆದು, ಎದುರಾಳಿಯ ರಕ್ಷಣೆಯನ್ನು ಗೊಂದಲಕ್ಕೆ ಕೆಡವುವ ಉಪಾಯವೂ ಬಂತು.

ನಾಲ್ಕು ವರ್ಷ ಆದ ಮೇಲೆ, 1956ರ ಮೆಲ್ಬೋರ್ನ್ ಒಲಿಂಪಿಕ್ಸ್. ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದ ಮ್ಯಾಚಿನಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಭಾರತದ್ದು! ಕೊನೆಗೆ 4-1ರಿಂದ ಸೋತರೂ 10-1ಕ್ಕೂ ಇದಕ್ಕೂ ಎಷ್ಟು ದೂರ ಅಂತ ನೀವೇ ಲೆಕ್ಕ ಹಾಕಿ. ಭಾರತಕ್ಕೆ ನಾಲ್ಕನೇ ಸ್ಥಾನ ಸಿಕ್ಕಿತು. 1960ರ ರೋಮ್‌ನಲ್ಲಿ ಫ್ರಾನ್ಸ್ ಜೊತೆ 1-1 ಡ್ರಾ ಆಯಿತು, ಹಂಗೇರಿ ಎದುರು 2-1ರಿಂದ ಸೋತರು. ಒಲಿಂಪಿಕ್ ಫುಟ್‌ಬಾಲ್‌ಗೆ ಭಾರತ ಅರ್ಹತೆ ಪಡೆದದ್ದು ಅದೇ ಕೊನೆ.

ಆಮೇಲೆ ಬಂದದ್ದು 1962ರ ಜಕಾರ್ತಾ. ಹೊತ್ತಿಗೆ ರಹೀಮ್ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಒಳಗಿನಿಂದ ತಿನ್ನುತ್ತಿತ್ತು. ಆದರೂ ಹೋದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಥಾಯ್ಲೆಂಡನ್ನು 4-1ರಿಂದ ಸೋಲಿಸಿದ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ಜಪಾನನ್ನು 2-0ಯಿಂದ ದಾಟಿದ್ದಾಯಿತು. ಇನ್ನು ಹೊಲಿಗೆ ಹಾಕಿಸಿಕೊಂಡ ಡಿಫೆಂಡರನ್ನು ಏನು ಮಾಡೋದು? ರಹೀಮ್ ಆತನನ್ನು ಸೆಂಟರ್ ಫಾರ್ವರ್ಡ್ ಮಾಡಿ ನಿಲ್ಲಿಸಿದರು! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು ಭಾರತ 3-2ರಿಂದ ಗೆದ್ದಾಗ ಒಂದು ಗೋಲು ಜರ್ನೈಲ್‌ರದ್ದೇ.

ಮೈದಾನದ ಹೊರಗೆ ಬೇರೆಯೇ ಬಿಸಿ. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯಾ ವೀಸಾ ಕೊಟ್ಟಿರಲಿಲ್ಲ. ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಅದನ್ನು ಬಹಿರಂಗವಾಗಿ ಆಕ್ಷೇಪಿಸಿದ್ದರಿಂದ ಊರೇ ಭಾರತದ ಮೇಲೆ ಸಿಟ್ಟಾಗಿತ್ತು. ನಮ್ಮ ರಾಯಭಾರ ಕಚೇರಿಯ ಮೇಲೂ ದಾಳಿ ನಡೆಯಿತು. ಫೈನಲ್‌ನ ಹಿಂದಿನ ರಾತ್ರಿ ರಹೀಮ್ ಹುಡುಗರನ್ನು ಕೂರಿಸಿಕೊಂಡು ತಮಗೊಂದು ಉಡುಗೊರೆ ಬೇಕು, ನಾಳೆಯ ಚಿನ್ನವೇ ಆ ಉಡುಗೊರೆ ಅಂತ ಕೇಳಿದರಂತೆ. ಆಟಗಾರರು ಮುಂದೆ ಎಷ್ಟೋ ವರ್ಷ ಇದನ್ನು ನೆನೆಸಿಕೊಂಡಿದ್ದಾರೆ.

ಸೆಪ್ಟೆಂಬರ್ 4, ಸೆನಾಯನ್ ಸ್ಟೇಡಿಯಂ. ಕಿಕ್ಕಿರಿದ ಜನರೆಲ್ಲ ಭಾರತದ ವಿರುದ್ಧ ಕೂಗುತ್ತಿದ್ದರು. ಎದುರಿಗೆ ಅದೇ ದಕ್ಷಿಣ ಕೊರಿಯಾ. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷಕ್ಕೆ ಜರ್ನೈಲ್ ಸಿಂಗ್ ಗೋಲು ಹೊಡೆದರು. ಜ್ವರದಿಂದ ಎದ್ದು ಬಂದ ಪೀಟರ್ ತಂಗರಾಜ್ ಗೋಲ್‌ಕೀಪರ್. ಕೊನೆಯ ಹೊತ್ತಿನಲ್ಲಿ ಕೊರಿಯಾ ಒಂದು ಗೋಲು ತೀರಿಸಿತು, ಅಷ್ಟಕ್ಕೇ ನಿಂತಿತು. 2-1. ಕ್ಯಾಪ್ಟನ್ ಚುನಿ ಗೋಸ್ವಾಮಿಯವರ ತಂಡ ಮೇಷ್ಟ್ರಿಗೆ ಉಡುಗೊರೆ ಕೊಟ್ಟಿತು.

ಒಂಬತ್ತು ತಿಂಗಳಾದ ಮೇಲೆ, 1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ಆಗ ಅವರಿಗೆ 53 ವರ್ಷ.

1970ರಲ್ಲಿ ಬ್ಯಾಂಕಾಕ್‌ನಲ್ಲಿ ಬಂದ ಕಂಚೇ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಮ್ಮ ಕೊನೆಯ ಪದಕ. 2002ರಿಂದ ಆ ಟೂರ್ನಿ ಹೆಚ್ಚುಕಡಿಮೆ 23ರ ಒಳಗಿನವರ ಟೂರ್ನಿ, ದೊಡ್ಡವರಿಗೆ ಮೂರೇ ಜಾಗ. ಅಂದರೆ ಅದೀಗ ನಮ್ಮ ವಯಸ್ಸಿನವರ ಆಟ. ಇಪ್ಪತ್ತೆರಡು ವರ್ಷಕ್ಕೆ ಅಲ್ಲಿ ಆಡಬೇಕಾದವನಿಗೆ ಎಡಗಾಲಿನ ಪಾಠ ಹನ್ನೆರಡಕ್ಕೇ ಆಗಿರಬೇಕು. ರಹೀಮ್ ಮಾಡಿದ್ದು ಆ ಕೆಲಸವನ್ನೇ. ಅವರ ಜಾಗಕ್ಕೆ ರಾಷ್ಟ್ರೀಯ ತಂಡದ ಕೋಚ್‌ಗಳು ಎಷ್ಟೋ ಜನ ಬಂದರು. ಶಾಲಾ ಮೈದಾನದಲ್ಲಿ ಎತ್ತರ ಅಳೆದು, ಕಾಲು ನೋಡಿ, ನಿಯಮ ಬದಲಿಸಿ ಆಡಿಸುವ ಮೇಷ್ಟ್ರ ಜಾಗ ಮಾತ್ರ ಹೆಚ್ಚಿನ ಊರುಗಳಲ್ಲಿ ಇನ್ನೂ ಖಾಲಿ ಇದೆ. ಮುಂದಿನ ಸಲ ಗ್ರೌಂಡಿಗೆ ಇಳಿದಾಗ ಅರ್ಧ ಗಂಟೆ ಎಡಗಾಲಲ್ಲೇ ಆಡಿ ನೋಡಿ. ಎಷ್ಟು ಕಷ್ಟ ಅಂತಲೂ, ಅವರು ಯಾಕೆ ಆಡಿಸಿದರು ಅಂತಲೂ ಗೊತ್ತಾಗುತ್ತೆ.