ಕ್ಷಮಾಮೂರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು

ಕ್ಷೀಣಿಸುತ್ತಿದ್ದ ದಿಗಂಬರ ಮುನಿಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ನವಚೈತನ್ಯವನ್ನು ತುಂಬಿದ ಮಹಾಪುರುಷರಲ್ಲಿ ಚಾರಿತ್ರ ಚಕ್ರವರ್ತಿ ಪರಮಪೂಜ್ಯ ಆಚಾರ್ಯ ಶ್ರೀ ೧೦೮ ಶಾಂತಿಸಾಗರ ಮಹಾರಾಜರು ಅಗ್ರಗಣ್ಯರು. ಅವರ ತಪಸ್ಸು ಎಷ್ಟು ಉಗ್ರವೋ ಅವರ ಕ್ಷಮಾಗುಣವೂ ಅಷ್ಟೇ ಗಂಭೀರ.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿ ದಂಪತಿಗಳಿಗೆ ೧೮೭೨ರಲ್ಲಿ ಪುತ್ರರಾಗಿ ಜನಿಸಿದ ಇವರ ಪೂರ್ವನಾಮ ಸಾತಗೌಡ. ಬಾಲ್ಯದಲ್ಲಿಯೇ ವಿವಾಹವಾಯಿತಾದರೂ ಬಾಲಪತ್ನಿಯು ಅಲ್ಪಕಾಲದಲ್ಲಿಯೇ ತೀರಿಕೊಂಡಳು. ಮರುವಿವಾಹಕ್ಕೆ ಇವರು ಒಪ್ಪಲಿಲ್ಲ. ಹೊಲದಲ್ಲಿ ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಡುತ್ತಿದ್ದರು. ಭೋಜಕ್ಕೆ ಬಂದ ಮುನಿಗಳನ್ನು ವೇದಗಂಗಾ-ದೂಧಗಂಗಾ ಸಂಗಮದಲ್ಲಿ ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದರು. ಮಾತಾಪಿತರ ಸೇವೆಯನ್ನು ಪೂರ್ಣಗೊಳಿಸಿದ ನಂತರ ಉತ್ತೂರಿನಲ್ಲಿ ಕ್ಷುಲ್ಲಕ ದೀಕ್ಷೆಯನ್ನೂ, ೧೯೨೦ರಲ್ಲಿ ಯರನಾಳದಲ್ಲಿ ಶ್ರೀ ದೇವೇಂದ್ರಕೀರ್ತಿ ಮಹಾರಾಜರಿಂದ ಮುನಿದೀಕ್ಷೆಯನ್ನೂ ಪಡೆದರು. ೧೯೨೪ರಲ್ಲಿ ಸಮಡೋಳಿಯಲ್ಲಿ ಆಚಾರ್ಯ ಪದವಿಯು ಅವರಿಗೆ ಒಲಿಯಿತು. ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಮೈಮೇಲೇರಿದರೂ ಅವರು ವಿಚಲಿತರಾಗಲಿಲ್ಲ.

ಸಮ್ಮೇದಶಿಖರದ ಯಾತ್ರೆಗಾಗಿ ೧೯೨೭ರಲ್ಲಿ ಸಂಘವು ಉತ್ತರಾಭಿಮುಖವಾಗಿ ವಿಹಾರ ಮಾಡಿತು. ದಿಗಂಬರ ಮುನಿಗಳನ್ನು ಕಂಡೇ ಅರಿಯದ ಜನರು ಅಲ್ಲಿ ಬಹುಸಂಖ್ಯಾತರಾಗಿದ್ದರು. ಕೆಲವೆಡೆ ಆಡಳಿತದ ನಿರ್ಬಂಧ, ಕೆಲವೆಡೆ ಜನರ ದ್ವೇಷ ಎದುರಾದವು. ಮಹಾರಾಜರು ವ್ರತವನ್ನು ಸಡಿಲಿಸಲಿಲ್ಲ. ವಿರೋಧಿಗಳ ಮೇಲೆ ಮುನಿಯಲೂ ಇಲ್ಲ.

೧೯೩೦ರ ಸುಮಾರಿಗೆ ಧೋಲಪುರ ಸಂಸ್ಥಾನದ ರಾಜಾಖೇಡಾದಲ್ಲಿ ಈ ಸಮಭಾವಕ್ಕೆ ಘೋರ ಪರೀಕ್ಷೆಯೊದಗಿತು. ಮುನಿಗಳು ಎಂದಿನಂತೆ ಬಯಲಿನಲ್ಲಿ ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತಿದ್ದರು. ಅಂದು ಮಹಾರಾಜರು ಆಹಾರವನ್ನು ಬೇಗನೆ ಮುಗಿಸಿ ಒಳಗೆಯೇ ಸಾಮಾಯಿಕ ಮಾಡುವಂತೆ ಸಂಘಕ್ಕೆ ಸೂಚಿಸಿದ್ದರೆಂದು ಚರಿತಕಾರರು ಹೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಆಯುಧಪಾಣಿಗಳಾದ ಜನರ ಗುಂಪೊಂದು ಮುನಿಗಳನ್ನು ಕೊಲ್ಲುವ ಉದ್ದೇಶದಿಂದ ನುಗ್ಗಿಬಂದಿತು. ಶ್ರಾವಕರು ಪ್ರಾಣದ ಹಂಗು ತೊರೆದು ಅಡ್ಡನಿಂತು ತಡೆದರು. ಒಳಗೆ ಮುನಿಗಳು ಆತ್ಮಧ್ಯಾನದಲ್ಲಿದ್ದರು. ಸಂಸ್ಥಾನದ ಪೊಲೀಸರು ಬಂದು ಆಕ್ರಮಣಕಾರರನ್ನು ಬಂಧಿಸಿದ ಮೇಲೆ ಉಪಸರ್ಗವು ದೂರವಾಯಿತು.

ಅಪರಾಧಿಗಳಿಗೆ ಕಠಿಣ ಶಿಕ್ಷೆಯಾಗಬೇಕೆಂಬುದು ಸಹಜವಾಗಿಯೇ ಸಮಾಜದ ಅಪೇಕ್ಷೆಯಾಗಿತ್ತು. ಆದರೆ ಮಹಾರಾಜರು ಅವರೆಲ್ಲರನ್ನೂ ಬಿಡುಗಡೆ ಮಾಡಬೇಕೆಂದು ಅಧಿಕಾರಿಗಳಿಗೆ ತಿಳಿಸಿದರು. ತಮ್ಮ ನಿಮಿತ್ತದಿಂದ ಕೆಲವರು ಸೆರೆಯಲ್ಲಿರುವಾಗ ತಾವು ಆಹಾರ ಸ್ವೀಕರಿಸುವುದು ಯೋಗ್ಯವಲ್ಲವೆಂದು ನಿಶ್ಚಯಿಸಿದರು. ಆ ಜನರ ಮೇಲೆ ತಮಗೆ ಕಿಂಚಿತ್ತೂ ರೋಷವಿಲ್ಲವೆಂದು ಸ್ಪಷ್ಟಪಡಿಸಿದರು. ಅಧಿಕಾರಿಗಳು ವಿಸ್ಮಿತರಾದರು, ಬಂಧಿತರಿಗೆ ಬಿಡುಗಡೆಯಾಯಿತು. ಕೊಲ್ಲಬಂದವರ ಸೆರೆಯನ್ನು ತಮ್ಮ ಉಪವಾಸದಿಂದ ಬಿಡಿಸಿದ ಈ ಘಟನೆಯು ಉತ್ತಮ ಕ್ಷಮಾಧರ್ಮಕ್ಕೆ ಜೀವಂತ ಭಾಷ್ಯವಾಗಿದೆ.

ಅನಂತರವೂ ಅವರ ವಿಹಾರ ನಿಲ್ಲಲಿಲ್ಲ. ಮಥುರಾ, ದಿಲ್ಲಿ, ಜಯಪುರಗಳಲ್ಲಿ ಚಾತುರ್ಮಾಸ್ಯಗಳು ನಡೆದವು. ಮುಂದಿನ ಮುನಿಗಳ ಮುಕ್ತ ವಿಹಾರಕ್ಕೆ ಹಾದಿ ಸುಗಮವಾಯಿತು. ಧವಲಾದಿ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೆತ್ತಿಸಿ ರಕ್ಷಿಸುವ ಕಾರ್ಯಕ್ಕೂ ಅವರದೇ ಪ್ರೇರಣೆ.

ವೃದ್ಧಾಪ್ಯದಲ್ಲಿ ದೃಷ್ಟಿಯು ಮಂದವಾಯಿತು. ನೋಡಿ ನಡೆಯಲಾಗದೆ ಸೂಕ್ಷ್ಮ ಜೀವಿಗಳಿಗೆ ಬಾಧೆಯಾಗಬಾರದೆಂದು ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತವನ್ನು ಸ್ವೀಕರಿಸಿ, ೩೬ನೆಯ ದಿನ, ೧೯೫೫ರ ಸೆಪ್ಟೆಂಬರ್ ೧೮ರಂದು ಸಮಾಧಿಸ್ಥರಾದರು. ಅಂದು ಭಾದ್ರಪದ ಶುಕ್ಲ ದ್ವಿತೀಯಾ. ಉತ್ತಮ ಕ್ಷಮೆಯಿಂದ ಆರಂಭವಾಗುವ ದಶಲಕ್ಷಣ ಪರ್ವವು ಸಮೀಪಿಸಿತ್ತು.

ಪ್ರತಿವರ್ಷವೂ ಆ ಪರ್ವದ ಕೊನೆಯಲ್ಲಿ ಪರಸ್ಪರ ಕ್ಷಮೆಯನ್ನು ಯಾಚಿಸುವ ಶ್ರಾವಕ-ಶ್ರಾವಿಕೆಯರು ರಾಜಾಖೇಡಾದ ಆ ದಿನವನ್ನು ನೆನೆಯಬೇಕು. ಮಿತ್ರರನ್ನು ಕ್ಷಮಿಸುವುದು ಸುಲಭ. ದ್ವೇಷಿಸುವವನ ಹಿತವನ್ನೂ ಬಯಸುವುದು ಮಹಾರಾಜರು ನಡೆದು ತೋರಿದ ಮಾರ್ಗ.