ಅದಿರಿನೊಳಗೆ ಅಡಗಿದ್ದನ್ನು ಹುಡುಕಿದ ಮೇರಿ ಕ್ಯೂರಿ

ಒಂಬತ್ತನೇ ತರಗತಿಯ ಅಭ್ಯಾಸ ಪಾಠಕ್ಕೆ ನಾನು ಮೇರಿ ಕ್ಯೂರಿ ಅವರ ಜೀವನವನ್ನು ಆರಿಸಿಕೊಂಡಿದ್ದೆ. ಪಾಠಯೋಜನೆಯ ತುಂಬ ಇಸವಿಗಳೇ: 1867ರಲ್ಲಿ ವಾರ್ಸಾದಲ್ಲಿ ಜನನ, 1891ರಲ್ಲಿ ಓದಿಗಾಗಿ ಪ್ಯಾರಿಸ್‌ಗೆ, 1895ರಲ್ಲಿ ಪಿಯರೆ ಕ್ಯೂರಿ ಅವರೊಡನೆ ಮದುವೆ, 1903 ಮತ್ತು 1911ರಲ್ಲಿ ನೊಬೆಲ್. ಹತ್ತು ನಿಮಿಷಕ್ಕೆ ಮಕ್ಕಳು ಆಕಳಿಸತೊಡಗಿದರು.

ಎರಡನೆಯ ಅವಧಿಯಲ್ಲಿ ಒಂದೇ ಪ್ರಸಂಗ ಹಿಡಿದೆ. ಪಿಯರೆ ಮತ್ತು ಅವರ ಅಣ್ಣ ಜಾಕ್ ರೂಪಿಸಿದ್ದ ಸೂಕ್ಷ್ಮ ಉಪಕರಣದಿಂದ ಮೇರಿ ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಅದಿರನ್ನು ಅಳೆದರು. ಅದರ ವಿಕಿರಣ ಯುರೇನಿಯಂ ಲೋಹದ ವಿಕಿರಣಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಏಕಿರಬಹುದು ಎಂದು ಕೇಳಿದೆ. ಉಪಕರಣ ಕೆಟ್ಟಿರಬೇಕು ಎಂದ ಹಿಂದಿನ ಬೆಂಚಿನ ಹುಡುಗ. ತಪ್ಪು ಉತ್ತರವಲ್ಲ, ಮೇರಿಯವರೂ ಮರಳಿ ಮರಳಿ ಅಳೆದು ನೋಡಿದ್ದರು. ಚಾಲ್ಕೊಲೈಟ್ ಎಂಬ ಇನ್ನೊಂದು ಖನಿಜವೂ ಯುರೇನಿಯಂ ಅನ್ನು ಮೀರಿಸಿತ್ತು. ಅದನ್ನೇ ಶುದ್ಧ ರಾಸಾಯನಿಕಗಳಿಂದ ಪ್ರಯೋಗಾಲಯದಲ್ಲಿ ತಯಾರಿಸಿದಾಗ ವಿಕಿರಣ ಕಡಿಮೆಯಾಗಿಬಿಟ್ಟಿತು. ಅಂದರೆ ನೆಲದಿಂದ ಬಂದ ಅದಿರಿನಲ್ಲಿ ಬೇರೇನೋ ಇದೆ! ದಂಪತಿಗಳು ಅದಿರನ್ನು ಭಾಗ ಮಾಡಿ, ಪ್ರತಿ ಭಾಗವನ್ನೂ ಅಳೆದು, ಹೆಚ್ಚು ತೋರಿಸಿದ ಭಾಗದ ಬೆನ್ನು ಹತ್ತಿದರು. 1898ರ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರ್‌ನಲ್ಲಿ ರೇಡಿಯಂ ಪ್ರಕಟವಾದವು. ಟನ್ನುಗಟ್ಟಲೆ ಅದಿರಿನ ಶೇಷವನ್ನು ಸೋರುವ ಷೆಡ್ಡಿನಲ್ಲಿ ಕುದಿಸಿ, 1902ರ ಹೊತ್ತಿಗೆ ದೊರೆತದ್ದು ಒಂದು ಗ್ರಾಂನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್.

ಈಗಿನ ಹುಡುಕಾಟವನ್ನೂ ಹೇಳಿದೆ. 2011ರ ಫುಕುಶಿಮಾ ಅವಘಡದ ನಂತರ ಮನುಷ್ಯರು ಹೋಗಲಾಗದ ಕಟ್ಟಡಗಳಿಗೆ ರೋಬಾಟ್‌ಗಳನ್ನು ಕಳುಹಿಸಿದರು. ತಡೆಯಿಲ್ಲದ ಬಯಲಿನಲ್ಲಿ ಚಿಕ್ಕ ಆಕರದಿಂದ ದೂರ ಎರಡು ಪಟ್ಟಾದರೆ ವಿಕಿರಣದ ಎಣಿಕೆ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಹೀಗಾಗಿ ಹಲವು ರೋಬಾಟ್‌ಗಳು ಬೇರೆ ಬೇರೆ ಜಾಗದಲ್ಲಿ ಎಣಿಸಿ ಲೆಕ್ಕ ಹಂಚಿಕೊಂಡರೆ ಆಕರ ಎಲ್ಲಿದೆಯೆಂದು ಬೇಗ ತಿಳಿಯುತ್ತದೆ.

ಆಗ ಒಬ್ಬಳು ಹುಡುಗಿ, ಮೇರಿಯವರು ಯಾರನ್ನು ಕಳುಹಿಸಿದರು ಎಂದು ಕೇಳಿದಳು. ನನ್ನ ಯೋಜನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕಬ್ಬಿಣದ ಸಲಾಕೆ ಹಿಡಿದು ಕದಡಿದ್ದು ಅವರೇ. ಬೆರಳ ತುದಿಗಳು ಸುಟ್ಟಿದ್ದವು. 1934ರ ಜುಲೈ 4ರಂದು ಅವರನ್ನು ಬಲಿ ತೆಗೆದುಕೊಂಡದ್ದು ರಕ್ತ ಹುಟ್ಟುವುದೇ ನಿಲ್ಲುವ ಕಾಯಿಲೆ. ದೀರ್ಘಕಾಲದ ವಿಕಿರಣವೇ ಅದಕ್ಕೆ ಕಾರಣವೆಂದು ಭಾವಿಸಲಾಗಿದೆ. ಅವರ ಟಿಪ್ಪಣಿ ಪುಸ್ತಕಗಳು ಇಂದಿಗೂ ಸೀಸದ ಪೆಟ್ಟಿಗೆಯಲ್ಲಿವೆ. ತರಗತಿ ಸದ್ದಿಲ್ಲದೆ ಕುಳಿತಿತ್ತು. ಗಂಟೆ ಬಾರಿಸಿದ್ದನ್ನು ನಾನೂ ಗಮನಿಸಲಿಲ್ಲ.

ಆಮೇಲೆ ಓದಿದೆ: 1900ರಿಂದ ಕೆಲವು ವರ್ಷ ಮೇರಿ ಅವರು ಸೆವ್ರ್‌ನಲ್ಲಿ ಶಿಕ್ಷಕಿಯರಾಗಲಿದ್ದ ಯುವತಿಯರಿಗೆ ಭೌತಶಾಸ್ತ್ರ ಕಲಿಸಿ, ಅವರ ಕೈಯಲ್ಲೇ ಪ್ರಯೋಗ ಮಾಡಿಸಿದ್ದರು. ನನ್ನ ಪಾಠಯೋಜನೆಯ ಬೋಧನೋಪಕರಣ ಕಲಂನಲ್ಲಿ ಇದ್ದದ್ದು ಒಂದು ಚಾರ್ಟ್.