ಮದ್ದಳೆಯ ಕರಣೆ, ಸಿ.ವಿ. ರಾಮನ್ ಮತ್ತು ನಿಮ್ಮ ಇಯರ್‌ಫೋನ್

ಭಟ್ಕಳದ ತೆಂಗಿನಗುಂಡಿಯ ದಕ್ಕೆಯಲ್ಲಿ ಕುಳಿತು, ಹೊಸ ಇಯರ್‌ಫೋನ್ ಹಾಕಿಕೊಂಡು ಯಕ್ಷಗಾನ ಕೇಳುತ್ತಿದ್ದೀರಿ ಎಂದುಕೊಳ್ಳಿ. ಬೇಸ್ ಜೋರಾಗಿದೆ. ಆದರೆ ಭಾಗವತರ ದನಿ ಮಂಕು, ಮದ್ದಳೆಯ ನಾದ ಬರೀ ಗುದ್ದಿನಂತೆ ಕೇಳುತ್ತಿದೆ. ಬೇಸ್ ಹೆಚ್ಚಿದ್ದಷ್ಟೂ ಧ್ವನಿ ಚೆನ್ನ ಎನ್ನುತ್ತಾರಲ್ಲ, ಅದು ನಿಜವೇ? ಇದಕ್ಕೆ ಉತ್ತರ ಸರ್ ಸಿ.ವಿ. ರಾಮನ್ ಅವರ ಬದುಕಿನಲ್ಲಿದೆ. ಅವರಿಗೆ ನೊಬೆಲ್ ಬಂದದ್ದು ಬೆಳಕಿನ ಅಧ್ಯಯನಕ್ಕೆ. ಅದಕ್ಕೂ ಮೊದಲು ಹಲವು ವರ್ಷ ಅವರು ದುಡಿದದ್ದು ಸದ್ದಿನ ಮೇಲೆ.

ಕಚೇರಿ ಮುಗಿದ ಮೇಲೆ ಪ್ರಯೋಗಾಲಯ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿನಾಪಳ್ಳಿಯಲ್ಲಿ. ಎಳೆಯ ವಯಸ್ಸಿನಲ್ಲೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನಾದದ ಬಗ್ಗೆ ಬರೆದ ಪುಸ್ತಕ ಅವರನ್ನು ಹಿಡಿದಿಟ್ಟಿತು. ಹೆಲ್ಮ್‌ಹೋಲ್ಟ್ಸ್ ಟೊಳ್ಳು ಗೋಲಗಳ ಕೊಳವೆಯನ್ನು ಮೇಣ ಹಚ್ಚಿ ಕಿವಿಯೊಳಗೆ ಕೂರಿಸಿ, ಒಂದು ನಾದದಲ್ಲಿ ಅಡಗಿರುವ ಬೇರೆ ಬೇರೆ ಸ್ವರಗಳನ್ನು ಆರಿಸಿ ಕೇಳುತ್ತಿದ್ದರು.

1907ರಲ್ಲಿ ರಾಮನ್ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲು ಲೆಕ್ಕಪತ್ರ, ಬೆಳಿಗ್ಗೆ, ಸಂಜೆ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ. 1917ರಲ್ಲಿ ಆ ಒಳ್ಳೆಯ ಸಂಬಳದ ಕೆಲಸ ಬಿಟ್ಟು ಪ್ರಾಧ್ಯಾಪಕರಾದರು. ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ ಎಂದು 1918ರಲ್ಲಿ ವಿವರವಾಗಿ ಬರೆದರು. ಕೈಯ ಒತ್ತಡ ಆಗಾಗ ಬದಲಾಗುತ್ತದೆಂದು, ಕಮಾನನ್ನು ಒಂದೇ ಒತ್ತಡದಲ್ಲಿ ಇಡುವ ಯಂತ್ರದಿಂದಲೇ ಪಿಟೀಲು ನುಡಿಸಿ ಅಳೆದರು.

ಕರಣೆಯ ಗುಟ್ಟು

ತಂತಿಯೊಂದನ್ನು ಮೀಟಿದರೆ ಮೂಲ ಸ್ವರದ ಜೊತೆಗೆ ಅದರ 2, 3, 4 ಪಟ್ಟು ಕಂಪನವಿರುವ ಉಪಸ್ವರಗಳೂ ಹುಟ್ಟುತ್ತವೆ. ಅವು ಹೊಂದಿಕೊಳ್ಳುವುದರಿಂದ ಕಿವಿಗೆ ಇಂಪು. ಬರಿಯ ಚರ್ಮ ಬಿಗಿದ ವಾದ್ಯದಲ್ಲಿ ಹಾಗಲ್ಲ. ಅಲ್ಲಿ ಉಪಸ್ವರಗಳು 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ. ಆದ್ದರಿಂದಲೇ ಅದು ಬರೀ ಸದ್ದು.

ಮೃದಂಗ ಮಾತ್ರ ಶ್ರುತಿಗೆ ಕೂರುತ್ತದೆ. ಏಕೆ? ಬಲಮುಖದ ನಡುವೆ ಹಚ್ಚಿದ ಕಪ್ಪು ಕರಣೆಯಿಂದ ಎಂದು ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಕಂಪಿಸದ ಗೆರೆಗಳಲ್ಲಿ ಅದು ಸಾಲುಗಟ್ಟುವುದನ್ನು ನೋಡಿದರು. ಕರಣೆಯ ಭಾರ ಮೊದಲ 5 ಸ್ವರಗಳನ್ನು 1, 2, 3, 4, 5 ಪಟ್ಟಿಗೆ ತಂದು ನಿಲ್ಲಿಸುತ್ತದೆ. ಯಕ್ಷಗಾನದ ಮದ್ದಳೆಗೂ ಕರಣೆಯಿದೆ. ವಾದ್ಯ ಮಾಡುವವರು ಕಿವಿಯೊಂದನ್ನೇ ನಂಬಿ ಸಾಧಿಸಿದ್ದನ್ನು ರಾಮನ್ ಅಳೆದು ವಿವರಿಸಿದರು.

1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಮರುವರ್ಷ ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮತ್ತೆ ಮೃದಂಗದ ಬಗ್ಗೆಯೇ ವಿಸ್ತಾರವಾಗಿ ಬರೆದರು. ನೊಬೆಲ್ ಬಂದ ಮೇಲೂ ಅವರಿಗೆ ಅದು ಸಣ್ಣ ವಿಷಯ ಅನ್ನಿಸಲಿಲ್ಲ.

ಇಯರ್‌ಫೋನಿಗೂ ಇದಕ್ಕೂ ಏನು ನಂಟು?

ಇಯರ್‌ಫೋನ್ ಉಪಸ್ವರಗಳ ಜಾಗ ಬದಲಿಸುವುದಿಲ್ಲ. ಅವುಗಳ ಬಲ ಬದಲಿಸುತ್ತದೆ. ತಗ್ಗಿನ ಸ್ವರ ಜೋರಾದರೆ ಮೇಲಿನ ಸ್ವರಗಳನ್ನು ಮುಚ್ಚಿಬಿಡುತ್ತದೆ. ಕರಣೆ ಜೋಡಿಸಿಕೊಟ್ಟ ನಾದವೇ ಆಗ ಕೇಳದಾಗುತ್ತದೆ. ಇನ್ನೊಂದು ವಿಷಯ: ಸುಮಾರು 2.5 ಸೆಂಟಿಮೀಟರ್ ಉದ್ದದ ನಮ್ಮ ಕಿವಿಯ ಕೊಳವೆ ತೆರೆದಿದ್ದಾಗ 3,000 ಹರ್ಟ್ಸ್ ಸುತ್ತಲಿನ ಸದ್ದನ್ನು ತಾನೇ ಹೆಚ್ಚಿಸುತ್ತದೆ. ಬಿರಡೆಯಂತೆ ಕೂರುವ ಇಯರ್‌ಫೋನ್ ಅದನ್ನು ತಪ್ಪಿಸುತ್ತದೆ. ಆ ಕೊರತೆಯನ್ನು ತಯಾರಕರು ತುಂಬಿಕೊಡಬೇಕು. ಕಡಿಮೆಯಾದರೆ ಹಾಡುವವರ ದನಿ ಮಂಕು, ಹೆಚ್ಚಾದರೆ ಕಿರುಚಾಟ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮೊದಲು ಬಿರಡೆ ಸರಿಯಾಗಿ ಕೂತಿದೆಯೇ ನೋಡಿ. ಸಡಿಲವಿದ್ದರೆ ಬೇಸ್ ಸೋರಿಹೋಗುತ್ತದೆ. ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಒಳ್ಳೆಯ ಧ್ವನಿಮುದ್ರಣ ಕೇಳಿ. ಬಲಮುಖದ ಪೆಟ್ಟಿನಲ್ಲಿ ಶ್ರುತಿ ತಿಳಿಯುತ್ತದೆಯೇ? ಎಡಮುಖದ ಗುಂಕಾರ ದನಿಯನ್ನು ನುಂಗುತ್ತಿದೆಯೇ? ಸ, ಶ ಅಕ್ಷರಗಳು ಕಿವಿಗೆ ಚುಚ್ಚುತ್ತವೆಯೇ? ಎರಡು ಇಯರ್‌ಫೋನ್ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಜೋರಿರುವುದೇ ಚೆನ್ನ ಎಂದು ಕಿವಿ ಮೋಸಹೋಗುತ್ತದೆ.

ಇದು ಬರೀ ರುಚಿಯ ಮಾತಲ್ಲ. ದನಿ ಕೇಳದಿದ್ದಾಗ ನಾವು ಮಾಡುವುದು ವಾಲ್ಯೂಮ್ ಏರಿಸುವುದು. ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅತಿ ಸದ್ದಿಗೆ ಸತ್ತ ಒಳಕಿವಿಯ ಕೂದಲ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ರಾಮನ್ 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆ ನಡೆದದ್ದು ಅವರೇ ಕಟ್ಟಿದ ಸಂಶೋಧನಾ ಸಂಸ್ಥೆಯ ತೋಟದಲ್ಲಿ. ಕಿವಿಗೆ ಕೇಳಿದ್ದನ್ನು ಅವರು ತಳ್ಳಿಹಾಕಲಿಲ್ಲ, ಅಳೆಯದೆ ಒಪ್ಪಲೂ ಇಲ್ಲ. ಮುಂದಿನ ಸಲ ಡಬ್ಬಿಯ ಮೇಲೆ ಎಕ್ಸ್‌ಟ್ರಾ ಬೇಸ್ ಎಂದು ಕಂಡರೆ, ಕೊಳ್ಳುವ ಮೊದಲು ಒಂದು ಮದ್ದಳೆಯ ಪೆಟ್ಟು ಕೇಳಿ ನೋಡಿ.